ಸೀಮೆಸುಣ್ಣದ ಗೆರೆ

ಕೆಲವು ವರ್ಷಗಳ ಹಿಂದೆ ಇಸ್ಪೀಟು ಆಟಗಳ ನಿಯಮಗಳನ್ನು ಕನ್ನಡಕ್ಕೆ ತರುವ ಕೆಲಸವೊಂದು ನನ್ನ ಪಾಲಿಗೆ ಬಂತು. ಮೊಬೈಲಿನಲ್ಲಿ ದುಡ್ಡಿಟ್ಟು ಆಡುವ ಆಟಗಳು. ಹಲವು ಭಾಷೆಗಳಿಗೆ ಹೋಗಬೇಕಿತ್ತು, ಕನ್ನಡದ ಪಾಲು ನನ್ನದು. ಪದಕ್ಕಿಷ್ಟು ಎಂದು ಲೆಕ್ಕ ಹಾಕಿ ಕೊಡುವ ಕಸುಬಿನಲ್ಲಿ ಆಯ್ಕೆಗೆ ಆಸ್ಪದ ಕಡಿಮೆ. ಹಿಂದಿನ ವಾರ ನೀರು ಶುದ್ಧ ಮಾಡುವ ಯಂತ್ರದ ಕೈಪಿಡಿ ಮುಗಿಸಿದ್ದೆ, ಈ ವಾರ ಜೂಜು. ಒಪ್ಪಿಕೊಂಡೆ.

ಅದರಲ್ಲಿ ‘ಪುಷ್’ ಎಂಬ ಒಂದು ಪದ ನನ್ನನ್ನು ಎರಡು ದಿನ ಕಾಡಿಸಿತು. ಅಂಗಡಿ ಬಾಗಿಲ ಮೇಲೆ ಬರೆದಿರುತ್ತಾರಲ್ಲ, ಅದೇ ಪುಷ್. ಕ್ಯಾಸಿನೋ ಮಾತಿನಲ್ಲಿ ಅದಕ್ಕೆ ‘ಗೆಲುವೂ ಇಲ್ಲ ಸೋಲೂ ಇಲ್ಲ, ಇಟ್ಟ ಪಣ ಇಟ್ಟವರಿಗೇ ವಾಪಸ್’ ಎಂದರ್ಥ. ಕನ್ನಡದಲ್ಲಿ ಏನೆನ್ನುವುದು? ಸಮ ಎಂದರೆ ಅಂಕ ಸಮವಾದದ್ದು ಮಾತ್ರ ಗೊತ್ತಾಗುತ್ತದೆ, ದುಡ್ಡು ಏನಾಯಿತು ಅಂತ ಗೊತ್ತಾಗುವುದಿಲ್ಲ. ರದ್ದು ಎಂದರೆ ಆಟವೇ ನಡೆಯಲಿಲ್ಲ ಅನ್ನುವ ಅರ್ಥ ಬಂದುಬಿಡುತ್ತದೆ. ಈ ಪದದ ಬೆನ್ನು ಹತ್ತಿ ಓದುತ್ತಾ ಹೋದಾಗ ಫ್ರೆಂಚಿನಲ್ಲಿ ಅದರ ಮಾತೃಪದದಿಂದಲೇ ಹುಟ್ಟಿದ ‘ಪುಸೆತ್’ ಎದುರಾಯಿತು. ಅದೂ ತಳ್ಳುವುದೇ, ಆದರೆ ಅದು ಮೋಸದ ಹೆಸರು. ಕಾರ್ಡು ಬಿಚ್ಚಿ ಫಲಿತಾಂಶ ಗೊತ್ತಾದ ಮೇಲೆ, ಯಾರೂ ನೋಡದ ಹಾಗೆ, ಇನ್ನೆರಡು ಬಿಲ್ಲೆಗಳನ್ನು ಗೆದ್ದ ಪಣದ ಮೇಲೆ ಮೆಲ್ಲಗೆ ತಳ್ಳುವುದು. ಒಂದೇ ಮೇಜಿನ ಮೇಲಿನ ಒಂದೇ ಕ್ರಿಯೆ, ಒಂದು ಭಾಷೆಯಲ್ಲಿ ಪ್ರಾಮಾಣಿಕ ಲೆಕ್ಕ, ಇನ್ನೊಂದರಲ್ಲಿ ಕಳ್ಳತನ.

ಆ ಪುಸೆತ್‌ನ ಆರೋಪ ಹೊತ್ತು ಒಬ್ಬ ಸೈನ್ಯಾಧಿಕಾರಿ ತನ್ನ ಇಡೀ ಬದುಕು ಕಳೆದುಕೊಂಡ ಕಥೆ ಇದೆ. ಅದನ್ನು ಹೇಳಬೇಕಾದರೆ ಮೊದಲು ಆಟ ಗೊತ್ತಿರಬೇಕು.

ಆಟದ ಹೆಸರು ಬಕರಾ. ಕೊನೆಯ ‘ಟ’ ಬರವಣಿಗೆಯಲ್ಲಿದೆ, ಬಾಯಲ್ಲಿಲ್ಲ. ನಾನು ‘ಬಕರಾ’ ಎಂದು ಬರೆದು ಕಳಿಸಿದಾಗ ತಿದ್ದುಪಡಿ ನೋಡುವವರು ಗಾಬರಿಯಾಗಿ ‘ಬ್ಯಾಕರಾಟ್’ ಎಂದು ಬದಲಿಸಿದ್ದರು. ಆಡುವವರನ್ನು ಬಕರಾ ಅಂದ ಹಾಗಾಗುತ್ತದೆ ಎಂಬುದು ಅವರ ಆತಂಕ. ಮುಂಬೈ, ಪುಣೆಯ ಓದುಗರಿಗೆ ಆ ಆತಂಕ ಅರ್ಥವಾಗಬಹುದು. ಇಲ್ಲಿ ನಾನೇ ಯಜಮಾನ, ಬಕರಾ ಎಂದೇ ಬರೆಯುತ್ತೇನೆ.

ಮೇಜಿನ ಮೇಲೆ ಎಷ್ಟೇ ಜನ ಇರಲಿ, ಕಾರ್ಡು ಬೀಳುವುದು ಎರಡೇ ಪಾಳಿಗೆ. ಒಂದಕ್ಕೆ ಪ್ಲೇಯರ್ ಎಂದೂ ಇನ್ನೊಂದಕ್ಕೆ ಬ್ಯಾಂಕರ್ ಎಂದೂ ಹೆಸರು. ಹೆಸರು ನೋಡಿ ಮೋಸಹೋಗಬೇಡಿ. ಪ್ಲೇಯರ್ ಎಂದರೆ ನೀವಲ್ಲ, ಬ್ಯಾಂಕರ್ ಎಂದರೆ ಕ್ಯಾಸಿನೋ ಅಲ್ಲ. ಇವತ್ತಿನ ಆಟದಲ್ಲಿ ಅವು ಎರಡು ಕುದುರೆಗಳ ಹೆಸರಿದ್ದ ಹಾಗೆ, ನೀವು ಯಾವುದರ ಮೇಲಾದರೂ ಪಣ ಕಟ್ಟಬಹುದು. ಎರಡೂ ಸಮವಾಗುತ್ತವೆ ಎಂದು ‘ಟೈ’ ಮೇಲೂ ಕಟ್ಟಬಹುದು. ಎಕ್ಕಕ್ಕೆ ಒಂದು, ಎರಡರಿಂದ ಒಂಬತ್ತರವರೆಗೆ ಅದದೇ ಬೆಲೆ, ಹತ್ತು, ಗುಲಾಮ, ರಾಣಿ, ರಾಜ ಎಲ್ಲಕ್ಕೂ ಸೊನ್ನೆ. ರಾಜನಿಗೂ ಗುಲಾಮನಿಗೂ ಒಂದೇ ಬೆಲೆ, ಅದೂ ಸೊನ್ನೆ ಎನ್ನುವ ಆಟವನ್ನು ರಾಜಮನೆತನದವರು ಅಷ್ಟು ಇಷ್ಟಪಟ್ಟರು ಎಂಬುದು ತಮಾಷೆ. ಕೂಡಿದಾಗ ಬಿಡಿ ಸ್ಥಾನದ ಅಂಕಿ ಮಾತ್ರ ಲೆಕ್ಕಕ್ಕೆ. ಏಳು ಮತ್ತು ಎಂಟು ಬಂದರೆ ಹದಿನೈದಲ್ಲ, ಐದು. ಒಂಬತ್ತಕ್ಕೆ ಹತ್ತಿರವಿರುವವರು ಗೆದ್ದರು.

ಎರಡೆರಡು ಕಾರ್ಡು ಹಾಕಿದಾಗ ಯಾರಿಗಾದರೂ ಎಂಟೋ ಒಂಬತ್ತೋ ಬಂದರೆ ಆಟ ಅಲ್ಲಿಗೇ ಮುಗಿಯಿತು. ಇಲ್ಲವಾದರೆ ಪ್ಲೇಯರ್ ಪಾಳಿಗೆ ಸೊನ್ನೆಯಿಂದ ಐದರವರೆಗೆ ಇದ್ದರೆ ಮೂರನೇ ಕಾರ್ಡು, ಆರು ಅಥವಾ ಏಳಿದ್ದರೆ ಇಲ್ಲ. ಬ್ಯಾಂಕರ್ ಪಾಳಿಯ ಮೂರನೇ ಕಾರ್ಡು ಸ್ವಲ್ಪ ಗೋಜಲು. ಪ್ಲೇಯರ್ ಸುಮ್ಮನಿದ್ದರೆ ಬ್ಯಾಂಕರಿಗೂ ಐದರವರೆಗೆ ಕಾರ್ಡು ಉಂಟು. ಪ್ಲೇಯರ್ ಮೂರನೆಯದನ್ನು ತೆಗೆದಿದ್ದರೆ ಆ ಕಾರ್ಡು ಏನು ಎಂಬುದರ ಮೇಲೆ ಹೋಗುತ್ತದೆ. ಬ್ಯಾಂಕರಿನ ಮೊತ್ತ ಎರಡು ಅಥವಾ ಕಡಿಮೆಯಿದ್ದರೆ ಯಾವಾಗಲೂ ಕಾರ್ಡು. ಮೂರಿದ್ದರೆ, ಪ್ಲೇಯರಿನ ಮೂರನೇ ಕಾರ್ಡು ಎಂಟಾಗಿರದಿದ್ದರೆ ಸಾಕು. ನಾಲ್ಕಿದ್ದರೆ ಆ ಕಾರ್ಡು ಎರಡರಿಂದ ಏಳರೊಳಗಿರಬೇಕು, ಐದಿದ್ದರೆ ನಾಲ್ಕರಿಂದ ಏಳರೊಳಗೆ, ಆರಿದ್ದರೆ ಆರೋ ಏಳೋ ಆಗಿರಬೇಕು. ಏಳಿದ್ದರೆ ಇಲ್ಲವೇ ಇಲ್ಲ.

ಒಂದು ಕೈ ಆಡಿ ನೋಡೋಣ. ಪ್ಲೇಯರಿಗೆ ಏಳು, ಎಂಟು: ಮೊತ್ತ ಐದು. ಬ್ಯಾಂಕರಿಗೆ ರಾಜ, ಐದು: ಇದೂ ಐದು. ಪ್ಲೇಯರ್ ಮೂರನೆಯದನ್ನು ತೆಗೆಯಲೇಬೇಕು, ನಾಲ್ಕು ಬಂತು, ಮೊತ್ತ ಒಂಬತ್ತು. ಬ್ಯಾಂಕರಿನ ಐದಕ್ಕೆ ಎದುರು ನಾಲ್ಕು ಬಿದ್ದಿರುವುದರಿಂದ ಅದಕ್ಕೂ ಒಂದು ಕಾರ್ಡು. ಮೂರು ಬಂದರೆ ಎಂಟಾಗಿ ಸೋತಿತು. ನಾಲ್ಕು ಬಂದರೆ ಒಂಬತ್ತಾಗಿ ಸಮ. ಆಗ ಪ್ಲೇಯರ್ ಮೇಲೂ ಬ್ಯಾಂಕರ್ ಮೇಲೂ ಇಟ್ಟವರ ದುಡ್ಡು ‘ಪುಷ್’, ಟೈ ಮೇಲೆ ಇಟ್ಟವರಿಗೆ ಒಂದಕ್ಕೆ ಎಂಟು.

ಈ ಕೋಷ್ಟಕವನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ, ಡೀಲರ್ ಮಾಡಿರುತ್ತಾರೆ. ಇವತ್ತಿನ ಬಕರಾದಲ್ಲಿ ಆಡುವವರು ಒಂದೇ ಒಂದು ನಿರ್ಧಾರವನ್ನೂ ಮಾಡುವುದಿಲ್ಲ, ಪಣ ಎಲ್ಲಿ, ಎಷ್ಟು ಎಂಬುದನ್ನು ಬಿಟ್ಟು. ಹಿಂದೆ ಹಾಗಿರಲಿಲ್ಲ. ಐದು ಬಂದರೆ ಇನ್ನೊಂದು ತೆಗೆಯುವುದೋ ಬೇಡವೋ ಎಂಬುದು ಆಡುವವನ ಇಷ್ಟ, ಬ್ಯಾಂಕ್ ಹಿಡಿದವನೂ ಎದುರಿನ ಕಾರ್ಡು ನೋಡಿ ತಾನೇ ಯೋಚಿಸಿ ತೀರ್ಮಾನಿಸುತ್ತಿದ್ದ. ಬಲ್ಲವರು ಸಾಮಾನ್ಯವಾಗಿ ಹೇಗೆ ತೀರ್ಮಾನಿಸುತ್ತಿದ್ದರೋ ಅದೇ ಮುಂದೆ ಹೆಪ್ಪುಗಟ್ಟಿ ಕೋಷ್ಟಕವಾಯಿತು. ಆಗ ಬ್ಯಾಂಕರ್ ಎಂದರೆ ನಿಜವಾಗಿಯೂ ಒಬ್ಬ ಮನುಷ್ಯ, ತನ್ನ ಜೇಬಿನಿಂದ ಎಲ್ಲರಿಗೂ ಬಟವಾಡೆ ಮಾಡುವವನು.

1890ರ ಸೆಪ್ಟೆಂಬರ್ 8ರ ರಾತ್ರಿ ಆ ಮನುಷ್ಯ ಬ್ರಿಟನ್ನಿನ ಯುವರಾಜ, ವಿಕ್ಟೋರಿಯಾ ರಾಣಿಯ ಹಿರಿಯ ಮಗ, ಮುಂದೆ ಏಳನೇ ಎಡ್ವರ್ಡ್ ಎನಿಸಿಕೊಂಡವನು. ಡಾಂಕಾಸ್ಟರ್‌ನ ಕುದುರೆ ಜೂಜಿಗೆಂದು ಯಾರ್ಕ್‌ಶೈರಿಗೆ ಬಂದು, ಹಡಗಿನ ವ್ಯಾಪಾರಿ ಆರ್ಥರ್ ವಿಲ್ಸನ್ನನ ಟ್ರ್ಯಾನ್ಬಿ ಕ್ರಾಫ್ಟ್ ಎಂಬ ದೊಡ್ಡ ಮನೆಯಲ್ಲಿ ಇಳಿದುಕೊಂಡಿದ್ದ. ಊಟವಾದ ಮೇಲೆ ಬಕರಾ ಆಡೋಣ ಎಂದ. ಮನೆಯಲ್ಲಿ ಬಕರಾ ಮೇಜು ಇರಲಿಲ್ಲ, ಬೇರೆ ಮೇಜುಗಳನ್ನು ಜೋಡಿಸಿ ಮೇಲೊಂದು ಬಟ್ಟೆ ಹಾಸಿದರು. ಬಿಲ್ಲೆಗಳ ಚಿಂತೆಯಿರಲಿಲ್ಲ. ತನ್ನ ಲಾಂಛನ ಒತ್ತಿದ ತೊಗಲಿನ ಬಿಲ್ಲೆಗಳನ್ನು ಯುವರಾಜ ಹೋದಲ್ಲೆಲ್ಲ ಜೊತೆಯಲ್ಲೇ ಒಯ್ಯುತ್ತಿದ್ದ. ಒಂದೊಂದು ಬೆಲೆಗೆ ಒಂದೊಂದು ಬಣ್ಣ, ಐದು ಪೌಂಡಿನದು ಕೆಂಪು.

ಆಡಲು ಕೂತವರಲ್ಲಿ ಸರ್ ವಿಲಿಯಂ ಗಾರ್ಡನ್-ಕಮಿಂಗ್ ಒಬ್ಬ. ಸ್ಕಾಟ್ಸ್ ಗಾರ್ಡ್ಸ್ ದಳದ ಲೆಫ್ಟಿನೆಂಟ್ ಕರ್ನಲ್, ಜುಲು ಯುದ್ಧದಲ್ಲೂ ಈಜಿಪ್ಟಿನಲ್ಲೂ ಹೋರಾಡಿದವನು, ಯುವರಾಜನ ಬಹುಕಾಲದ ಗೆಳೆಯ. ನಾಲಿಗೆ ಹರಿತ, ಗರ್ವ ಹೆಚ್ಚು, ಶತ್ರುಗಳಿಗೆ ಬರವಿಲ್ಲ. ಅವನ ಪಕ್ಕ ಕೂತಿದ್ದ ಮನೆಯ ಮಗ ಸ್ಟ್ಯಾನ್ಲಿ ವಿಲ್ಸನ್ನನಿಗೆ ಏನೋ ಕಂಡಿತು. ಗಾರ್ಡನ್-ಕಮಿಂಗ್ ಮುಂದೆ ಒಂದೇ ಕೆಂಪು ಬಿಲ್ಲೆ ಇತ್ತು, ಕಾರ್ಡು ಅನುಕೂಲವಾಗಿ ಬಿದ್ದ ಮೇಲೆ ನೋಡಿದರೆ ಬಿಲ್ಲೆಗಳು ಹೆಚ್ಚಾಗಿದ್ದವು. ಅವನು ಆಚೆ ಪಕ್ಕದ ಬರ್ಕ್ಲಿ ಲೆವೆಟ್‌ಗೆ ಪಿಸುಗುಟ್ಟಿದ. ಲೆವೆಟ್ ಅದೇ ದಳದಲ್ಲಿ ಗಾರ್ಡನ್-ಕಮಿಂಗ್‌ನ ಕೈಕೆಳಗಿನ ಅಧಿಕಾರಿ, ತಾನೂ ನೋಡಿದೆ ಎಂದ. ರಾತ್ರಿ ವಿಷಯ ತಾಯಿಯ ಕಿವಿಗೂ ಬಿತ್ತು, ಭಾವನ ಕಿವಿಗೂ ಬಿತ್ತು.

ಮರುದಿನ ಮನೆಯವರು ಉದ್ದನೆಯ ಮೇಜೊಂದನ್ನು ತರಿಸಿ, ಮೇಲೆ ಹಸಿರು ಬಟ್ಟೆ ಹಾಸಿ, ಅಂಚಿನಿಂದ ಕೆಲವು ಅಂಗುಲ ಒಳಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಸಿದರು. ಗೆರೆಯಿಂದ ಆಚೆ ಇರುವುದು ಪಣ, ಈಚೆ ಇರುವುದು ನಿನ್ನ ದುಡ್ಡು.

ನನಗೆ ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಗೆರೆ. ನಿಮ್ಮ ನಿಮ್ಮ ಮನೆಯ ಹಬ್ಬದ ರಾತ್ರಿಯ ಇಸ್ಪೀಟು ನೆನಪಿಸಿಕೊಳ್ಳಿ. ಜಗಳ ಎಲ್ಲಿ ಹುಟ್ಟುತ್ತಿತ್ತು? ಎಕ್ಕ ದೊಡ್ಡದೋ ರಾಜ ದೊಡ್ಡದೋ ಎಂಬುದರ ಮೇಲಲ್ಲ. ‘ನಾನು ಹತ್ತು ಇಟ್ಟಿದ್ದೆ’, ‘ಇಲ್ಲ, ಕಾರ್ಡು ಬಿದ್ದ ಮೇಲೆ ಇಟ್ಟೆ’ ಎಂಬುದರ ಮೇಲೆ. ಆಡುವ ನಿಯಮಕ್ಕಿಂತ ಚುಕ್ತಾ ಮಾಡುವ ನಿಯಮ ಕಷ್ಟ, ಮತ್ತು ಅದರ ಕಷ್ಟವೆಲ್ಲ ಒಂದು ಕ್ಷಣದಲ್ಲಿದೆ: ಬಿಲ್ಲೆ ಯಾವಾಗ ಪಣವಾಗುತ್ತದೆ?

ಗೆರೆ ಎಳೆದರೂ ಎರಡನೇ ರಾತ್ರಿ ಅದೇ ನಡೆಯಿತು ಎಂದು ಮನೆಯವರು ಆಮೇಲೆ ಹೇಳಿದರು. ಗಾರ್ಡನ್-ಕಮಿಂಗ್ ಕೈ ಮೇಜಿನ ಮೇಲೇ ಇತ್ತು, ಗೆದ್ದಾಗ ಬಿಲ್ಲೆ ಬಿತ್ತು, ಸೋತಾಗ ಹಿಂದೆ ಹೋಯಿತು ಎಂದರು. ಅವನು ಹೇಳಿದ್ದು ಬೇರೆ. ನಾನು ಆಡುತ್ತಿದ್ದುದು ‘ಕೂ ದ ತ್ರ್ವಾ’ ಎಂಬ ಪದ್ಧತಿ ಎಂದ. ಐದು ಪೌಂಡ್ ಇಡು. ಗೆದ್ದರೆ ಆ ಐದು, ಗೆದ್ದ ಐದು, ಜೊತೆಗೆ ಇನ್ನೊಂದು ಐದು ಸೇರಿಸಿ ಮುಂದಿನ ಕೈಗೆ ಹದಿನೈದು ಮಾಡು. ಅದೂ ಗೆದ್ದರೆ ಎಲ್ಲವನ್ನೂ ಎತ್ತಿಕೊಂಡು ಮತ್ತೆ ಐದರಿಂದ ಶುರು ಮಾಡು. ಮುಂದಿನ ಕೈಗೆ ಸೇರಿಸಿದ ಬಿಲ್ಲೆಯನ್ನು ಹಿಂದಿನ ಕೈಗೆ ತಳ್ಳಿದ್ದೆಂದು ನೋಡಿದವರು ತಿಳಿದರು ಎಂಬುದು ಅವನ ವಾದ. ಲೆಕ್ಕ ಬರೆಯಲು ಎದುರಿಗೆ ಬಿಳಿ ಹಾಳೆ ಇಟ್ಟುಕೊಂಡಿದ್ದ, ಕೆಂಪು ಬಿಲ್ಲೆ ಅದರ ಮೇಲೆ ಎದ್ದು ಕಾಣುತ್ತಿತ್ತು, ಕದಿಯುವವನು ಹಾಗೆ ಮಾಡುತ್ತಾನೆಯೇ ಎಂದೂ ಕೇಳಿದ. ಎರಡು ರಾತ್ರಿಗೆ ಅವನು ಗೆದ್ದದ್ದು ಸುಮಾರು 225 ಪೌಂಡ್. ದೊಡ್ಡ ಜಮೀನ್ದಾರನಾದ ಅವನಿಗೆ ಅದು ಜುಜುಬಿ.

ಈ ವಾದ ಸುಳ್ಳಿರಬಹುದು. ಆದರೆ ಒಂದು ಕೈ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಕೂಗಿ ಹೇಳುವವರೇ ಇಲ್ಲದ ಮೇಜಿನಲ್ಲಿ ಅದನ್ನು ಸುಳ್ಳೆಂದು ಸಾಧಿಸುವುದು ಹೇಗೆ?

10ನೇ ತಾರೀಕು ವಿಷಯ ಯುವರಾಜನಿಗೆ ಮುಟ್ಟಿತು. ಅವನೂ ಅವನ ಜೊತೆಯ ಹಿರಿಯರೂ ಸೇರಿ ಒಂದು ಕಾಗದ ತಯಾರಿಸಿದರು. ಜೀವಮಾನದಲ್ಲಿ ಮತ್ತೆಂದೂ ಇಸ್ಪೀಟು ಮುಟ್ಟುವುದಿಲ್ಲ ಎಂದು ಗಾರ್ಡನ್-ಕಮಿಂಗ್ ಸಹಿ ಹಾಕಬೇಕು, ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರುತ್ತಾರೆ. ನಿರಪರಾಧಿ ಎನ್ನುತ್ತಲೇ ಅವನು ಸಹಿ ಹಾಕಿದ. ಆ ಕಾಗದಕ್ಕೆ ಯುವರಾಜನೂ ಸಹಿ ಮಾಡಿದ. ಗುಟ್ಟು ನಾಲ್ಕು ತಿಂಗಳೂ ಉಳಿಯಲಿಲ್ಲ.

ಇಲ್ಲಿ ಕಾನೂನಿನ ವಿಚಾರ ಸ್ವಲ್ಪ ಹೇಳಬೇಕು, ಏಕೆಂದರೆ ಅದು ನಮ್ಮಲ್ಲಿಗೂ ಬಂದು ಕೂತಿದೆ. 1845ರ ಕಾಯ್ದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಪಣದ ಕರಾರು ಶೂನ್ಯ. ಗೆದ್ದ ದುಡ್ಡು ಕೊಡಿಸಿ ಎಂದು ನ್ಯಾಯಾಲಯಕ್ಕೆ ಹೋಗುವ ಹಾಗಿರಲಿಲ್ಲ. ಸಾಲದಲ್ಲಿ ದರ್ಜಿಗೆ ಕೊಡಬೇಕಾದ್ದನ್ನು ವರ್ಷಗಟ್ಟಲೆ ಬಾಕಿ ಇಡುತ್ತಿದ್ದ ದೊಡ್ಡ ಮನುಷ್ಯರು ಜೂಜಿನ ಬಾಕಿಯನ್ನು ಮಾತ್ರ ಬೇಗ ತೀರಿಸುತ್ತಿದ್ದುದಕ್ಕೆ ಇದೇ ಕಾರಣ. ದರ್ಜಿಗೆ ಕೋರ್ಟಿತ್ತು, ಜೂಜಿನ ಗೆಳೆಯನಿಗೆ ನಿಮ್ಮ ಮರ್ಯಾದೆ ಬಿಟ್ಟು ಬೇರೆ ಅಡಮಾನವಿರಲಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿಗೂ ಅದೇ ನಿಲುವು, ಇವತ್ತಿಗೂ ಅದು ಜಾರಿಯಲ್ಲಿದೆ. ಮುಂಬೈ ಪ್ರಾಂತ್ಯದಲ್ಲಂತೂ 1865ರಲ್ಲೇ ಒಂದು ಹೆಜ್ಜೆ ಮುಂದೆ ಹೋಗಿ, ಪಣಕ್ಕೆ ಪೂರಕವಾದ ಕರಾರುಗಳನ್ನೂ ಶೂನ್ಯವೆಂದಿದ್ದರು. ಆಗ ಆ ಪ್ರಾಂತ್ಯದಲ್ಲೇ ಇದ್ದ ಧಾರವಾಡ, ಬೆಳಗಾವಿ, ಕಾರವಾರದ ಕಡೆಯ ಜೂಜುಕೋರರಿಗೆ ಮೈಸೂರಿನವರಿಗಿಂತ ಬಿಗಿ ಹೆಚ್ಚು ಅನ್ನಿ. 1959ರಲ್ಲಿ ನಮ್ಮ ಸುಪ್ರೀಂ ಕೋರ್ಟು ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು: ಪಣ ಶೂನ್ಯ ನಿಜ, ಹಾಗೆಂದು ಕಾನೂನುಬಾಹಿರವಲ್ಲ.

ಹಾಗಾಗಿ ಗಾರ್ಡನ್-ಕಮಿಂಗ್ ದುಡ್ಡಿಗಾಗಿ ದಾವೆ ಹೂಡಲಿಲ್ಲ, ಹೂಡುವಂತೆಯೂ ಇರಲಿಲ್ಲ. ಮಾನನಷ್ಟಕ್ಕೆ ಹೂಡಿದ. 1891ರ ಜೂನ್ 1ಕ್ಕೆ ವಿಚಾರಣೆ ಶುರುವಾಯಿತು. ಯುವರಾಜ ಸಾಕ್ಷಿಕಟ್ಟೆಯಲ್ಲಿ ನಿಂತ. ನ್ಯಾಯಾಲಯ ಕಕ್ಕಾಬಿಕ್ಕಿಯಾಗಿದ್ದಾಗ ತೀರ್ಪುಗಾರರಲ್ಲೊಬ್ಬ ಎದ್ದು, ವಕೀಲರಾರೂ ಕೇಳದೆ ಬಿಟ್ಟಿದ್ದನ್ನು ನೇರವಾಗಿ ಕೇಳಿದ: ಬ್ಯಾಂಕ್ ಹಿಡಿದಿದ್ದ ನೀವು ಮೋಸವನ್ನು ಕಂಡಿರಾ? ಇಲ್ಲ ಎಂದ ಯುವರಾಜ. ಹಂಚುವಾಗ ಬ್ಯಾಂಕರ್ ಅದನ್ನೆಲ್ಲ ನೋಡುತ್ತಾ ಕೂರುವುದಿಲ್ಲ, ಗೆಳೆಯರ ನಡುವೆ ಆಡುವಾಗಂತೂ ಸಂಶಯವೇ ಬರುವುದಿಲ್ಲ ಎಂಬ ಅರ್ಥದ ವಿವರಣೆಯನ್ನೂ ಕೊಟ್ಟ. ಅಂದರೆ ದುಡ್ಡು ಕೊಡುವವನೇ ನೋಡುತ್ತಿರಲಿಲ್ಲ. ಬಟವಾಡೆ ಮಾಡುವವನಿಗೆ ಕಾಣದ ತಪ್ಪನ್ನು ಪಕ್ಕದಲ್ಲಿ ಕೂತವರು ಕಂಡಿದ್ದರು.

ಜೂನ್ 9ರಂದು ತೀರ್ಪುಗಾರರು 13 ನಿಮಿಷದಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟರು. ಮರುದಿನ ಸೈನ್ಯದಿಂದ ಹೊರಹಾಕಿದರು, ಕ್ಲಬ್ಬುಗಳು ಬಾಗಿಲು ಮುಚ್ಚಿದವು. ಅದೇ ದಿನ ಅವನು ತನ್ನ ಕೈಬಿಡದಿದ್ದ ಅಮೆರಿಕದ ಫ್ಲಾರೆನ್ಸ್ ಗಾರ್ನರ್‌ಳನ್ನು ಮದುವೆಯಾಗಿ ಸ್ಕಾಟ್ಲೆಂಡಿನ ಎಸ್ಟೇಟಿಗೆ ಹೋದ. 1930ರಲ್ಲಿ ತೀರಿಕೊಳ್ಳುವವರೆಗೂ ಸಮಾಜ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನ ವಕೀಲ ಎಡ್ವರ್ಡ್ ಕ್ಲಾರ್ಕ್ ಮಾತ್ರ ತನ್ನ ಕಕ್ಷಿದಾರ ನಿರಪರಾಧಿ ಎಂದು ಕೊನೆಯವರೆಗೂ ನಂಬಿದ್ದ. ನನ್ನನ್ನು ಕೇಳಿದರೆ, ಅವನು ತಳ್ಳಿದನೋ ಇಲ್ಲವೋ ಹೇಳಲಾರೆ, ಆದರೆ ಅಷ್ಟು ಬೇಗ ಸಹಿ ಹಾಕಬಾರದಿತ್ತು.

ಗೆಳೆಯರ ಮೇಜಿನಿಂದ ಆಟವನ್ನು ಬಿಡಿಸಿಕೊಂಡು ವ್ಯಾಪಾರ ಮಾಡಿದ್ದು ಅಮೆರಿಕ ಖಂಡ. 1950ರ ದಶಕದಲ್ಲಿ ಹವಾನಾದ ಕ್ಯಾಸಿನೋಗಳಲ್ಲಿ ಆಡುತ್ತಿದ್ದ ‘ಪುಂಟೋ ಬ್ಯಾಂಕೋ’ ರೂಪವನ್ನು 1959ರಲ್ಲಿ ಟಾಮಿ ರೆಂಜೋನಿ ಎಂಬವನು ಲಾಸ್ ವೇಗಸ್‌ನ ಸ್ಯಾಂಡ್ಸ್ ಹೋಟೆಲಿಗೆ ತಂದ. ಇವತ್ತು ಮಕಾವುವಿನ ಜೂಜಿನ ಆದಾಯದ ಬಹುಪಾಲು ತರುವ ಆಟ ಇದೇ. ಆಡುವವರ ಕೈಯಿಂದ ನಿರ್ಧಾರಗಳನ್ನೆಲ್ಲ ಕಿತ್ತುಕೊಂಡದ್ದು ಈ ಹಂತದಲ್ಲಿ. ಸೀಮೆಸುಣ್ಣದ ಗೆರೆ ಹೋಗಿ ಬಟ್ಟೆಯ ಮೇಲೇ ಅಚ್ಚಾದ ಚೌಕಗಳು ಬಂದವು, ಬಿಲ್ಲೆ ಚೌಕದೊಳಗೆ ಇದ್ದರೆ ಪಣ. ‘ಇನ್ನು ಪಣ ಬೇಡ’ ಎಂದು ಡೀಲರ್ ಕೂಗುವುದು ಕಡ್ಡಾಯವಾಯಿತು. ಕೈ ಮುಗಿದ ಮೇಲೆ ಮೊದಲು ಸೋತ ಬಿಲ್ಲೆಗಳನ್ನು ಎತ್ತಬೇಕು, ಆಮೇಲೆ ಗೆದ್ದ ಪಣದ ಪಕ್ಕದಲ್ಲಿ ಅಷ್ಟೇ ಎತ್ತರಕ್ಕೆ ಬಿಲ್ಲೆ ಪೇರಿಸಿ ಕೊಡಬೇಕು, ಲೆಕ್ಕ ಮೇಲಿನ ಕ್ಯಾಮೆರಾಕ್ಕೂ ಕಾಣುವ ಹಾಗೆ. ಪುಸೆತ್‌ಗೆ ಇಂಗ್ಲಿಷಿನಲ್ಲಿ ಕುದುರೆ ಜೂಜಿನಿಂದ ಎರವಲು ತಂದ ‘ಪಾಸ್ಟ್ ಪೋಸ್ಟಿಂಗ್’ ಎಂಬ ಹೆಸರಿದೆ. ಕುದುರೆಗಳು ಕಂಬ ದಾಟಿ ಹೊರಟ ಮೇಲೆ ಕಟ್ಟಿದ ಪಣ.

ಚುಕ್ತಾದಲ್ಲಿ ಇನ್ನೊಂದು ಸೂಕ್ಷ್ಮ ಕಮಿಷನ್ನು. ಬ್ಯಾಂಕರ್ ಪಾಳಿ ಎರಡನೆಯದಾಗಿ ಆಡುತ್ತದೆ, ಎದುರಿನವರ ಕಾರ್ಡು ನೋಡಿ ಆಡುತ್ತದೆ, ಹಾಗಾಗಿ ಸ್ವಲ್ಪ ಹೆಚ್ಚು ಗೆಲ್ಲುತ್ತದೆ. ಎಂಟು ಜೋಡಿ ಇಸ್ಪೀಟಿನ ಆಟದಲ್ಲಿ ನೂರಕ್ಕೆ ಬ್ಯಾಂಕರ್ 45.86, ಪ್ಲೇಯರ್ 44.62, ಸಮ 9.52. ಹೀಗೇ ಬಿಟ್ಟರೆ ಬ್ಯಾಂಕರ್ ಮೇಲೆ ಕಟ್ಟುತ್ತಾ ಹೋದವರಿಗೆ ನೂರಕ್ಕೆ 1.24ರಷ್ಟು ಲಾಭ, ಕ್ಯಾಸಿನೋ ದಿವಾಳಿ. ಅದಕ್ಕೇ ಬ್ಯಾಂಕರ್ ಮೇಲೆ ಗೆದ್ದವರಿಂದ ಶೇ. 5 ಕಮಿಷನ್ ಹಿಡಿಯುತ್ತಾರೆ. ಸಾವಿರ ಇಟ್ಟು ಗೆದ್ದರೆ 950 ಕೈಗೆ. ಅಷ್ಟು ಕಡಿತವಾದಾಗ ಬ್ಯಾಂಕರ್ ಪಣದ ಲಾಭ ತಿರುಗಿ ಶೇ. 1.06 ನಷ್ಟವಾಗುತ್ತದೆ. ಪ್ಲೇಯರ್ ಪಣಕ್ಕೆ ನಷ್ಟ ಶೇ. 1.24. ಒಂದಕ್ಕೆ ಎಂಟು ಎಂದು ಕಣ್ಣು ಕುಕ್ಕುವ ಟೈ ಪಣಕ್ಕೆ ಶೇ. 14ಕ್ಕಿಂತಲೂ ಹೆಚ್ಚು. ದೊಡ್ಡ ಮೇಜುಗಳಲ್ಲಿ ಪ್ರತಿ ಕೈಗೂ ಚಿಲ್ಲರೆ ಹುಡುಕುವುದು ತ್ರಾಸು ಎಂದು ಡೀಲರ್ ಮುಂದೆ ಕುರ್ಚಿಗೊಂದರಂತೆ ಸಂಖ್ಯೆ ಬರೆದ ಪುಟ್ಟ ಚೌಕಗಳಿರುತ್ತವೆ. ಬಾಕಿ ಕಮಿಷನ್ ಅಲ್ಲಿ ಗುರುತಾಗುತ್ತಾ ಹೋಗುತ್ತದೆ, ಪೆಟ್ಟಿಗೆಯ ಕಾರ್ಡು ಮುಗಿದಾಗಲೋ ಎದ್ದು ಹೋಗುವಾಗಲೋ ವಸೂಲಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದವರಿಗೆ ಹೊಸದೇನಲ್ಲ.

ಇಷ್ಟೆಲ್ಲ ಬಿಗಿ ಮಾಡಿದ ಮೇಲೆ ತಕರಾರೇ ಇರಬಾರದಿತ್ತು. 2012ರ ಏಪ್ರಿಲ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಗೋಲ್ಡನ್ ನಗೆಟ್ ಕ್ಯಾಸಿನೋದಲ್ಲಿ ಕಾರ್ಖಾನೆಯಲ್ಲೇ ಕಲಸಿ ಕಳಿಸಬೇಕಿದ್ದ ಇಸ್ಪೀಟು ಕಲಸದೆ ಬಂದುಬಿಟ್ಟಿತು. ಬಕರಾ ಮೇಜಿನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿರುವುದನ್ನು ಕೂತವರು ಗಮನಿಸಿದರು. ಹತ್ತು ಡಾಲರಿನಲ್ಲಿದ್ದ ಪಣ ಐದು ಸಾವಿರಕ್ಕೆ ಏರಿತು. ಸತತ 41 ಕೈ ಗೆದ್ದರು, ಹದಿನಾಲ್ಕು ಜನಕ್ಕೆ ಒಟ್ಟು 15 ಲಕ್ಷ ಡಾಲರಿಗೂ ಹೆಚ್ಚು. ಯಾರೂ ಏನನ್ನೂ ತಳ್ಳಿರಲಿಲ್ಲ. ಪಣವೆಲ್ಲ ಚೌಕದೊಳಗೆ, ಹೊತ್ತಿಗೆ ಸರಿಯಾಗಿ ಇಟ್ಟದ್ದೇ. ಮೊದಲು ಅವರ ಪರವಾಗಿದ್ದ ನ್ಯಾಯಾಲಯ 2015ರಲ್ಲಿ ಇನ್ನೊಬ್ಬ ನ್ಯಾಯಾಧೀಶರ ಎದುರು ತಿರುಗಿತು: ಕಲಸದ ಇಸ್ಪೀಟಿನಲ್ಲಿ ಆಡಿದ್ದು ರಾಜ್ಯದ ನಿಯಮದ ಪ್ರಕಾರ ಆಟವೇ ಅಲ್ಲ, ಆಟವಲ್ಲದ್ದರಲ್ಲಿ ಗೆಲುವೂ ಇಲ್ಲ. ಅಂದರೆ 41 ಕೈಯೂ ಪುಷ್.

ಅದೇ ವರ್ಷ ಆಗಸ್ಟ್‌ನಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್‌ನಲ್ಲಿ ಪೋಕರ್ ಆಟಗಾರ ಫಿಲ್ ಐವಿ, ಚಂಗ್ ಯಿನ್ ಸುನ್ ಎಂಬ ಸಂಗಾತಿಯ ಜೊತೆ ಎರಡು ದಿನ ಪುಂಟೋ ಬ್ಯಾಂಕೋ ಆಡಿ 77 ಲಕ್ಷ ಪೌಂಡ್ ಗೆದ್ದ. ಕೆಲವು ಕಾರ್ಡುಗಳ ಹಿಂಬದಿಯ ಚಿತ್ತಾರ ಎರಡು ಅಂಚಿನಲ್ಲಿ ಕೂದಲೆಳೆಯಷ್ಟು ಬೇರೆ ಇರುತ್ತದೆ. ಏಳು, ಎಂಟು, ಒಂಬತ್ತು ಬಂದಾಗ ‘ಇದು ಅದೃಷ್ಟದ್ದು, ಹೀಗೆ ತಿರುಗಿಸಿಡಿ’ ಎಂದು ಸುನ್ ಡೀಲರನ್ನು ಕೇಳಿಕೊಳ್ಳುತ್ತಿದ್ದಳು. ಜೂಜುಕೋರರ ಮೂಢನಂಬಿಕೆ ಎಂದುಕೊಂಡು ಡೀಲರ್ ತಿರುಗಿಸುತ್ತಿದ್ದರು. ಅದೇ ಕಟ್ಟು ಬೇಕೆಂದು ಕೇಳಿದಾಗ ಅದನ್ನೂ ಉಳಿಸಿದರು. ಯಂತ್ರ ಕಲಸಿದರೂ ಕಾರ್ಡಿನ ದಿಕ್ಕು ಬದಲಾಗುವುದಿಲ್ಲ. ಮುಂದಿನ ಸುತ್ತಿನಲ್ಲಿ ಮೊದಲ ಕಾರ್ಡಿನ ಬೆನ್ನು ನೋಡಿದರೆ ಸಾಕು, ಅದು ಒಳ್ಳೆಯದೋ ಅಲ್ಲವೋ ಎಂದು ಗೊತ್ತಾಗುತ್ತಿತ್ತು. ಕ್ಯಾಸಿನೋ ಅವನು ತಂದಿದ್ದ ಹತ್ತು ಲಕ್ಷ ಪೌಂಡನ್ನು ಮರಳಿಸಿ, ಗೆದ್ದದ್ದನ್ನು ಕೊಡಲಿಲ್ಲ.

ಗಾರ್ಡನ್-ಕಮಿಂಗ್‌ಗೆ ಇಲ್ಲದ ದಾರಿ ಐವಿಗೆ ಇತ್ತು. 2005ರ ಜೂಜಿನ ಕಾಯ್ದೆ ಬ್ರಿಟನ್ನಿನಲ್ಲಿ ಪಣದ ಕರಾರನ್ನು ಕೋರ್ಟಿನಲ್ಲಿ ಜಾರಿ ಮಾಡಬಹುದಾದ ಕರಾರಾಗಿಸಿತ್ತು. ಅವನು ನೇರವಾಗಿ ದುಡ್ಡಿಗೇ ದಾವೆ ಹೂಡಿದ. ತಾನು ಮಾಡಿದ್ದನ್ನು ಮುಚ್ಚಿಡಲಿಲ್ಲ, ಕಣ್ಣು ಚುರುಕಾಗಿಟ್ಟುಕೊಂಡು ಆಡಿದ್ದು ಮೋಸ ಹೇಗಾಗುತ್ತದೆ ಎಂದು ಕೇಳಿದ. ಅದು ಮೋಸವಲ್ಲ ಎಂದು ಅವನು ಮನಸಾರೆ ನಂಬಿದ್ದಾನೆ ಎಂಬುದನ್ನು ನ್ಯಾಯಾಧೀಶರೇ ಒಪ್ಪಿದರು. ಆದರೂ ಮೂರು ಹಂತದಲ್ಲೂ ಸೋತ. 2017ರ ಅಕ್ಟೋಬರ್ 25ರಂದು ಸುಪ್ರೀಂ ಕೋರ್ಟು, ಅರಿಯದ ಡೀಲರನ ಕೈಯಿಂದ ಕಟ್ಟನ್ನು ತನಗೆ ಬೇಕಾದ ಹಾಗೆ ಜೋಡಿಸಿಕೊಂಡದ್ದು ಮೋಸವೇ, ಮಾಡಿದವನು ಹಾಗಂದುಕೊಂಡಿರಲಿ ಬಿಡಲಿ ಎಂದಿತು. ಯಾವುದು ಅಪ್ರಾಮಾಣಿಕ ಎಂಬುದನ್ನು ಸಾಮಾನ್ಯ ಜನರ ಅಳತೆಗೋಲಿನಿಂದ ನೋಡಬೇಕು, ಮಾಡಿದವನ ಅಳತೆಗೋಲಿನಿಂದಲ್ಲ ಎಂಬ ಅದರ ಮಾತು ಆ ದೇಶದ ಅಪರಾಧ ಕಾನೂನನ್ನೇ ಬದಲಿಸಿತು. ಬಕರಾ ಮೇಜಿನಿಂದ ಎದ್ದ ಒಂದು ತಕರಾರು ಈಗ ಕಳ್ಳತನ, ವಂಚನೆಗಳ ಮೊಕದ್ದಮೆಗಳಲ್ಲಿ ಉಲ್ಲೇಖವಾಗುತ್ತದೆ.

ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಒಂದು ಇರುಸುಮುರುಸು. ಇಸ್ಪೀಟು ಕೊಂಡವರು, ತಿರುಗಿಸಿದವರು, ಕಲಸದೆ ಇಟ್ಟವರು ಎಲ್ಲ ಕ್ಯಾಸಿನೋದವರೇ. ಅವರ ಅಜಾಗರೂಕತೆಯಿಂದ ಅವರಿಗೆ ಲಾಭವಾಗಿದ್ದರೆ, ಆ ರಾತ್ರಿ ಸೋತ ಹದಿನಾಲ್ಕು ಜನಕ್ಕೆ ಆಟ ಆಟವೇ ಆಗಿರಲಿಲ್ಲ ಎಂದು ಯಾರಾದರೂ ಹೇಳಿಕಳಿಸುತ್ತಿದ್ದರೇ? ಐವಿಯ ವಿಷಯದಲ್ಲಿ ನನ್ನ ಮನಸ್ಸು ತೀರ್ಪಿನ ಕಡೆಗಿದೆ, ಅವನು ಡೀಲರನ ಕೈಯನ್ನು ತನ್ನ ಕೈಯಾಗಿ ಬಳಸಿಕೊಂಡ. ಹದಿನಾಲ್ಕು ಜನರ ವಿಷಯದಲ್ಲಿ ಇಲ್ಲ.

ಪಣ ಇಟ್ಟದ್ದೇ ಸಿಂಧುವೋ ಎಂದು ಆಟ ಮುಗಿದ ಮೇಲೆ ಕೇಳುವುದು ನಮಗೆ ಹೊಸದಲ್ಲ. ಗದುಗಿನ ಭಾರತದ ಸಭಾಪರ್ವವನ್ನು ಕೇಳಿ ಬೆಳೆದವರಿಗೆ ದ್ರೌಪದಿಯ ಪ್ರಶ್ನೆ ಗೊತ್ತು: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು? ಅವಳು ದಾಳದ ಬಗ್ಗೆ ಕೇಳಲಿಲ್ಲ, ಬಿದ್ದ ಗರದ ಬಗ್ಗೆ ಕೇಳಲಿಲ್ಲ. ಚುಕ್ತಾದ ನಿಯಮ ಕೇಳಿದಳು. ವಿಕರ್ಣ ಒಬ್ಬ ಎದ್ದು ಆ ಪಣ ನಿಲ್ಲುವುದಿಲ್ಲ ಎಂದ, ಭೀಷ್ಮ ಧರ್ಮ ಸೂಕ್ಷ್ಮ ಎಂದು ಜಾರಿಕೊಂಡ. ಆ ಸಭೆಯಲ್ಲಿ ತೀರ್ಮಾನ ಹೇಳಬೇಕಾಗಿದ್ದವರು ಗೆದ್ದವರ ಅನ್ನ ಉಣ್ಣುತ್ತಿದ್ದರು.

ನನ್ನ ಅನುವಾದದ ಕಡತದ ಕೊನೆಯ ವಾಕ್ಯವೂ ಅದೇ ಜಾತಿಯದು. ಯಾವುದೇ ತಕರಾರಿನಲ್ಲಿ ಆಡಳಿತ ವರ್ಗದ ತೀರ್ಮಾನವೇ ಅಂತಿಮ. ಎಲ್ಲ ಬಹುಮಾನ ಚೀಟಿಗಳ ಹಿಂದೆ, ಎಲ್ಲ ಲಾಟರಿಗಳ ಅಡಿಯಲ್ಲಿ ಇರುವ ಸಾಲು, ಕಣ್ಣು ಮುಚ್ಚಿ ಬರೆಯಬಹುದು. ಆದರೆ ಮೂರನೇ ಕಾರ್ಡಿನ ಕೋಷ್ಟಕ ಒಂದೂವರೆ ಪುಟ, ಬಟವಾಡೆಯ ವಿವರ ಒಂದು ಪುಟ, ಆಮೇಲೆ ಅದೆಲ್ಲವನ್ನೂ ನುಂಗಬಲ್ಲ ಈ ಒಂದು ಸಾಲು ಎಂದು ನೋಡಿದಾಗ ಕೈ ನಿಂತಿತು. ‘ಆಡಳಿತ ವರ್ಗ’ ಎಂದರೆ ಓದುವವರಿಗೆ ಯಾರೋ ಮೂರನೆಯವರು ಎನ್ನಿಸುತ್ತದೆ. ನಾನು ‘ಆಟ ನಡೆಸುವ ಕಂಪನಿಯ ತೀರ್ಮಾನವೇ ಅಂತಿಮ’ ಎಂದು ಬರೆದೆ. ತಿದ್ದುಪಡಿಯವರು ಅದನ್ನು ಮತ್ತೆ ಆಡಳಿತ ವರ್ಗ ಮಾಡಿದರು. ಮೂಲದಲ್ಲಿ ಇಲ್ಲದ ಪದ ಸೇರಿಸಬಾರದು ಎಂಬ ಟಿಪ್ಪಣಿಯೂ ಬಂತು. ಅವರ ಮಾತು ನಿಯಮದ ಪ್ರಕಾರ ಸರಿ.

2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಆ ಆಟಗಳು ಈಗಿಲ್ಲ. ಕಡತ ಮಾತ್ರ ನನ್ನ ಬಳಿ ಇದೆ. ‘ಪುಷ್’ ಎಂಬುದರ ಎದುರಿನ ಅಂಕಣದಲ್ಲಿ ಮೂರು ಸಲ ಹೊಡೆದು ಹಾಕಿ ಕೊನೆಗೆ ಬರೆದದ್ದು ‘ಪಣ ವಾಪಸ್’.